ಮರ್ಮಗೋವಾದಲ್ಲಿ ಉರಿದ ‘ಏರೆನ್‌ಫೆಲ್ಸ್’: ಸರಕು ಹಡಗೊಂದರ ಯುದ್ಧಕಾಲದ ಚರಿತ್ರೆ

‘ಏರೆನ್‌ಫೆಲ್ಸ್’ ಜರ್ಮನಿಯ ಒಂದು ಸರಕು ಸಾಗಣೆ ಹಡಗು. ಎರಡನೇ ಮಹಾಯುದ್ಧ ಆರಂಭವಾದ 1939ರಿಂದ 1943ರ ಮಾರ್ಚ್‌ವರೆಗೆ, ಅಂದರೆ ಸುಮಾರು ಮೂರೂವರೆ ವರ್ಷ, ಅದು ಪೋರ್ಚುಗೀಸರ ಅಧೀನದಲ್ಲಿದ್ದ ಗೋವಾದ ಮರ್ಮಗೋವಾ ಬಂದರಿನಲ್ಲಿ ಲಂಗರು ಹಾಕಿ ನಿಂತಿತ್ತು. ಕಾರವಾರದಿಂದ ನೇರ ಅಂತರದಲ್ಲಿ ಈ ಬಂದರು ಉತ್ತರಕ್ಕೆ ಸುಮಾರು 75 ಕಿ.ಮೀ. ದೂರದಲ್ಲಿದೆ. 1943ರ ಮಾರ್ಚ್ 9ರಂದು ಬ್ರಿಟಿಷರು ಕಳುಹಿಸಿದ ಸಣ್ಣದೊಂದು ತಂಡ ಕತ್ತಲಲ್ಲಿ ಹಡಗನ್ನೇರಿತು. ಏರೆನ್‌ಫೆಲ್ಸ್ ಹೊತ್ತಿ ಉರಿದು ನೀರಿನಲ್ಲಿ ಕುಸಿಯಿತು. ಅದರೊಂದಿಗೆ ಇನ್ನೂ ಮೂರು ಹಡಗುಗಳು ಅದೇ ಬಂದರಿನಲ್ಲಿ ನಾಶವಾದವು.

‘ಆಪರೇಷನ್ ಕ್ರೀಕ್’ ಎಂಬ ಸಂಕೇತನಾಮದ ಈ ದಾಳಿಯನ್ನು 35 ವರ್ಷಗಳ ಕಾಲ ಬಹಿರಂಗಪಡಿಸಿರಲಿಲ್ಲ. ಬಹಿರಂಗವಾದ ಬಳಿಕ ಅದು ಪುಸ್ತಕವಾಗಿ, ಚಲನಚಿತ್ರವಾಗಿ ಜಗತ್ತಿನಾದ್ಯಂತ ಪ್ರಸಿದ್ಧಿ ಪಡೆಯಿತು. ಹಿಂದೂ ಮಹಾಸಾಗರದಲ್ಲಿ ಮಿತ್ರರಾಷ್ಟ್ರಗಳ ಹಡಗುಗಳು ಮುಳುಗುವುದನ್ನು ಈ ದಾಳಿ ನಿಲ್ಲಿಸಿತೆಂಬ ಮಾತು ಇಂದಿಗೂ ಪ್ರಚಲಿತದಲ್ಲಿದೆ. ಆದರೆ ಅಂದಿನ ಹಡಗು ನಷ್ಟಗಳ ದಿನಾಂಕ ಮತ್ತು ಸ್ಥಳಗಳನ್ನು ಪರಿಶೀಲಿಸಿದರೆ ಈ ಮಾತು ನಿಲ್ಲುವುದಿಲ್ಲ. ದಾಳಿಯ ನಿಜವಾದ ಫಲ ಬೇರೆಯೇ ಆಗಿತ್ತು.

ಬಯಲುಸೀಮೆಯ ಕಡಲ ಬಾಗಿಲು

ಮರ್ಮಗೋವಾ ರಾಜಕೀಯವಾಗಿ ಪರದೇಶವಾಗಿದ್ದರೂ ವ್ಯಾಪಾರದ ದೃಷ್ಟಿಯಿಂದ ಇಂದಿನ ಉತ್ತರ ಮತ್ತು ಮಧ್ಯ ಕರ್ನಾಟಕದ ಬಂದರೇ ಆಗಿತ್ತು. ಧಾರವಾಡ ಸೀಮೆಯ ಹತ್ತಿಯನ್ನು ಹೊರದೇಶಗಳಿಗೆ ಕಳುಹಿಸಲು ಕಾರವಾರವನ್ನು ದೊಡ್ಡ ಬಂದರಾಗಿ ಬೆಳೆಸಿ, ಅಲ್ಲಿಗೆ ರೈಲು ಹಾಕಬೇಕೆಂಬ ಪ್ರಸ್ತಾವ 19ನೇ ಶತಮಾನದ ಉತ್ತರಾರ್ಧದಲ್ಲಿತ್ತು. ಆದರೆ 1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ರೈಲುಮಾರ್ಗ ಮರ್ಮಗೋವಾದ ಪಾಲಾಯಿತು. ಕಾರವಾರ ಹಿಂದೆ ಉಳಿಯಿತು.

1880ರ ದಶಕದ ಕೊನೆಯ ಹೊತ್ತಿಗೆ ಮರ್ಮಗೋವಾದಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್, ಲೋಂಡಾ ಮೂಲಕ ಬರುವ ಮೀಟರ್‌ಗೇಜ್ ಮಾರ್ಗ ಸಿದ್ಧವಾಯಿತು. ಅದು ಹುಬ್ಬಳ್ಳಿ, ಗದಗ, ಹೊಸಪೇಟೆ, ಬಳ್ಳಾರಿ, ಗುಂತಕಲ್‌ಗಳನ್ನು ಕಡಲಿಗೆ ಜೋಡಿಸಿತು. 1905ರಲ್ಲಿ ಹೊಸಪೇಟೆಯಿಂದ ಕೊಟ್ಟೂರಿಗೆ ಕವಲು ಮಾರ್ಗ ಆರಂಭವಾದ ಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗೂ ಈ ಜಾಲ ಹತ್ತಿರವಾಯಿತು. ಸಂಡೂರಿನ ಮ್ಯಾಂಗನೀಸ್ ಅದಿರು 20ನೇ ಶತಮಾನದ ಮೊದಲ ದಶಕದಿಂದ ಇದೇ ಹಾದಿಯಲ್ಲಿ ಮರ್ಮಗೋವಾಕ್ಕೆ ಹೋಗಿ ಯುರೋಪಿನ ಉಕ್ಕಿನ ಕಾರ್ಖಾನೆಗಳನ್ನು ಸೇರುತ್ತಿತ್ತು. ಭಾರತದ ಬಂದರುಗಳಲ್ಲಿ ಇಂತಹ ಸರಕು ತುಂಬಿಕೊಳ್ಳಲು ಬರುತ್ತಿದ್ದ ಹಡಗುಗಳಲ್ಲಿ ಜರ್ಮನಿಯ ಹಡಗುಗಳೂ ಇರುತ್ತಿದ್ದವು.

ಹಡಗು ಮತ್ತು ಅದರ ಒಡೆಯರು

ಏರೆನ್‌ಫೆಲ್ಸ್ ಬ್ರೆಮೆನ್ ನಗರದ ‘ಹಾನ್ಸಾ’ ಹಡಗು ಸಂಸ್ಥೆಗೆ ಸೇರಿತ್ತು. 1881ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ಭಾರತದ ವ್ಯಾಪಾರವೇ ಮುಖ್ಯ ಆಧಾರವಾಗಿತ್ತು. ಕಲ್ಕತ್ತ, ಮದರಾಸು, ಮುಂಬೈ, ಕರಾಚಿ ಬಂದರುಗಳಲ್ಲಿ ಅದರ ಹಡಗುಗಳು ಚಿರಪರಿಚಿತವಾಗಿದ್ದವು. ಸಂಸ್ಥೆಯ ಹಡಗುಗಳ ಹೆಸರುಗಳು ‘ಫೆಲ್ಸ್’ ಎಂದು ಕೊನೆಗೊಳ್ಳುತ್ತಿದ್ದವು. ಜರ್ಮನ್ ಭಾಷೆಯಲ್ಲಿ ಈ ಪದಕ್ಕೆ ಬಂಡೆ ಎಂಬ ಅರ್ಥವಿದೆ. ಏರೆನ್‌ಫೆಲ್ಸ್ ಎಂಬುದು ರೈನ್ ನದಿಯ ದಂಡೆಯಲ್ಲಿರುವ ಒಂದು ಪಾಳುಬಿದ್ದ ಕೋಟೆಯ ಹೆಸರು.

1936ರಲ್ಲಿ ಬ್ರೆಮೆನ್‌ನಲ್ಲಿ ನಿರ್ಮಾಣವಾದ ಈ ಹಡಗಿನ ಸ್ಥೂಲ ನೋಂದಣಿ ಪ್ರಮಾಣ 7,752 ಟನ್. ಇಲ್ಲಿ ಟನ್ ಎಂದರೆ ತೂಕವಲ್ಲ. ಹಡಗಿನ ಒಳಗಣ ಜಾಗವನ್ನು ಅಳೆಯುವ ಮಾನವದು. 100 ಘನ ಅಡಿಗೆ ಒಂದು ಟನ್ ಎಂಬುದು ಲೆಕ್ಕ. ಕಲ್ಲಿದ್ದಲಿನ ಉಗಿಯಂತ್ರದ ಬದಲು ಡೀಸೆಲ್ ಎಂಜಿನ್ ಹೊಂದಿದ್ದ ಈ ಹಡಗು ಗಂಟೆಗೆ ಸುಮಾರು 16 ನಾಟಿಕಲ್ ಮೈಲು ವೇಗದಲ್ಲಿ ಸಾಗಬಲ್ಲುದಾಗಿತ್ತು. ಅಂದಿನ ಸಾಮಾನ್ಯ ಸರಕು ಹಡಗುಗಳು 10-11 ಮೈಲು ವೇಗದಲ್ಲಿ ತೆವಳುತ್ತಿದ್ದವು. ವೇಗ, ವಿಶಾಲವಾದ ಒಡಲು, ಇಂಧನದ ಮಿತವ್ಯಯ ಈ ಮೂರೂ ಗುಣಗಳು ಯುದ್ಧಕಾಲದಲ್ಲಿ ಈ ಮಾದರಿಯ ಹಡಗುಗಳ ಹಣೆಬರಹವನ್ನೇ ಬದಲಿಸಿದವು.

ಸೋದರ ಹಡಗುಗಳ ದಾರಿ

ಏರೆನ್‌ಫೆಲ್ಸ್ ಮಾದರಿಯಲ್ಲೇ ಹಾನ್ಸಾ ಸಂಸ್ಥೆ ಇನ್ನೂ ಹಲವು ಹಡಗುಗಳನ್ನು ಕಟ್ಟಿಸಿತ್ತು. ಯುದ್ಧ ಆರಂಭವಾದಾಗ ಅವುಗಳಲ್ಲಿ ಎರಡನ್ನು ಜರ್ಮನ್ ನೌಕಾಪಡೆ ವಶಕ್ಕೆ ತೆಗೆದುಕೊಂಡು, ಒಳಗೆ ಫಿರಂಗಿಗಳನ್ನು ಅಡಗಿಸಿ, ಮೇಲ್ನೋಟಕ್ಕೆ ಸಾಧಾರಣ ಸರಕು ಹಡಗಿನಂತೆಯೇ ಉಳಿಸಿತು. ಶತ್ರುವಿನ ವ್ಯಾಪಾರಿ ಹಡಗುಗಳ ಹತ್ತಿರಕ್ಕೆ ಬೇರೆ ದೇಶದ ಬಾವುಟ ಹಾರಿಸುತ್ತ ಹೋಗಿ, ಕೊನೆಯ ಗಳಿಗೆಯಲ್ಲಿ ಫಿರಂಗಿ ಹೊರತೆಗೆಯುವುದು ಈ ವೇಷಧಾರಿ ಹಡಗುಗಳ ಕಾರ್ಯವಿಧಾನವಾಗಿತ್ತು.

ಮೊದಲನೆಯದು ‘ಗೋಲ್ಡನ್‌ಫೆಲ್ಸ್’. ಅದು ‘ಅಟ್ಲಾಂಟಿಸ್’ ಎಂಬ ಹೆಸರಿನಲ್ಲಿ ಕ್ಯಾಪ್ಟನ್ ಬರ್ನ್‌ಹಾರ್ಡ್ ರೊಗ್ಗೆ ಅವರ ನೇತೃತ್ವದಲ್ಲಿ 1940ರ ಮಾರ್ಚ್‌ನಲ್ಲಿ ಹೊರಟು 22 ಹಡಗುಗಳನ್ನು ಮುಳುಗಿಸಿತು ಇಲ್ಲವೆ ಸೆರೆಹಿಡಿಯಿತು. 1940ರ ನವೆಂಬರ್ 11ರಂದು ಅದರ ಕೈಗೆ ಸಿಕ್ಕ ಬ್ರಿಟನ್ನಿನ ‘ಆಟೊಮೆಡಾನ್’ ಹಡಗಿನಲ್ಲಿ ಸಿಂಗಪುರಕ್ಕೆ ಹೊರಟಿದ್ದ ಅತಿ ಗೋಪ್ಯ ಕಡತಗಳಿದ್ದವು. 1941ರ ನವೆಂಬರ್ 22ರಂದು ಬ್ರಿಟನ್ನಿನ ‘ಡೆವನ್‌ಶೈರ್’ ಯುದ್ಧನೌಕೆ ಅಟ್ಲಾಂಟಿಸ್ ಅನ್ನು ಮುಳುಗಿಸಿತು.

ಎರಡನೆಯದು ‘ಕಾಂಡೆಲ್‌ಫೆಲ್ಸ್’. ‘ಪಿಂಗ್ವಿನ್’ ಎಂಬ ಹೆಸರು ತಳೆದ ಈ ಹಡಗು 1941ರ ಜನವರಿಯಲ್ಲಿ ಅಂಟಾರ್ಕ್ಟಿಕ ಸಮುದ್ರದಲ್ಲಿ ನಾರ್ವೆಯ ತಿಮಿಂಗಿಲ ಬೇಟೆಯ ಹಡಗುಗಳ ತಂಡವನ್ನು ಸೆರೆಹಿಡಿಯಿತು. ಅದೇ ವರ್ಷ ಮೇ 8ರಂದು ಹಿಂದೂ ಮಹಾಸಾಗರದ ಪಶ್ಚಿಮ ಭಾಗದಲ್ಲಿ ‘ಕಾರ್ನ್‌ವಾಲ್’ ಯುದ್ಧನೌಕೆಯ ಗುಂಡಿಗೆ ಸಿಕ್ಕಿ ಸ್ಫೋಟಗೊಂಡಿತು. ಅದರ ಒಡಲಲ್ಲಿ ಸೆರೆಯಾಳುಗಳಾಗಿದ್ದ 200ಕ್ಕೂ ಹೆಚ್ಚು ಮಂದಿ ಜರ್ಮನ್ ನಾವಿಕರೊಂದಿಗೇ ಪ್ರಾಣ ಕಳೆದುಕೊಂಡರು. ಅವರಲ್ಲಿ ಬ್ರಿಟಿಷ್ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ಖಲಾಸಿಗಳು ಬಹುಸಂಖ್ಯೆಯಲ್ಲಿದ್ದರು.

ಇದೇ ಬಳಗದ ‘ಟಾನೆನ್‌ಫೆಲ್ಸ್’ ಇಟಲಿಯ ಅಧೀನದಲ್ಲಿದ್ದ ಸೊಮಾಲಿಯಾದ ಕಿಸ್ಮಾಯು ಬಂದರಿನಲ್ಲಿ ಆಶ್ರಯ ಪಡೆದಿತ್ತು. ಬ್ರಿಟಿಷ್ ಸೇನೆ ಸಮೀಪಿಸುತ್ತಿದ್ದಂತೆ 1941ರ ಜನವರಿ ಕೊನೆಯಲ್ಲಿ ಅಲ್ಲಿಂದ ತಪ್ಪಿಸಿಕೊಂಡು, ದಾರಿಯಲ್ಲಿ ಅಟ್ಲಾಂಟಿಸ್ ಅನ್ನು ಸಂಧಿಸಿ, ಏಪ್ರಿಲ್‌ನಲ್ಲಿ ಫ್ರಾನ್ಸಿನ ಬೋರ್ಡೊ ಬಂದರನ್ನು ಸೇರಿತು. ಮುಂದೆ ಜಪಾನಿನಿಂದ ಯುರೋಪಿಗೆ ಬ್ರಿಟಿಷರ ದಿಗ್ಬಂಧನ ಭೇದಿಸಿ ಸರಕು ಒಯ್ಯುವ ಕೆಲಸಕ್ಕೆ ಅದು ಬಳಕೆಯಾಯಿತು. ಸುಮ್ಮನೆ ನಿಂತ ಹಡಗೂ ಅವಕಾಶ ದೊರೆತರೆ ಯುದ್ಧಕ್ಕಿಳಿಯಬಲ್ಲುದು ಎಂಬುದಕ್ಕೆ ಇದು ನಿದರ್ಶನ. ಮರ್ಮಗೋವಾದಲ್ಲಿ ನಿಂತಿದ್ದ ಏರೆನ್‌ಫೆಲ್ಸ್ ಬಗ್ಗೆ ಬ್ರಿಟಿಷರಿಗೆ ಇದ್ದ ಆತಂಕವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕಾಗುತ್ತದೆ.

ತಟಸ್ಥ ಬಂದರಿನ ಆಶ್ರಯ

1939ರ ಆಗಸ್ಟ್ ಕೊನೆಯಲ್ಲಿ ಯುದ್ಧ ಖಚಿತವಾಗುತ್ತಿದ್ದಂತೆ, ಸ್ವದೇಶಕ್ಕೆ ಮರಳಲಾಗದ ಜರ್ಮನ್ ವ್ಯಾಪಾರಿ ಹಡಗುಗಳಿಗೆ ಹತ್ತಿರದ ತಟಸ್ಥ ಬಂದರನ್ನು ಸೇರಿಕೊಳ್ಳುವಂತೆ ಸೂಚನೆ ಹೋಯಿತು. ಅರಬ್ಬಿ ಸಮುದ್ರದ ಭಾರತ ತೀರದಲ್ಲಿ ಬ್ರಿಟಿಷರ ಹಿಡಿತಕ್ಕೆ ಹೊರತಾಗಿದ್ದ ಸುಸಜ್ಜಿತ ಬಂದರೆಂದರೆ ಮರ್ಮಗೋವಾ. ಪೋರ್ಚುಗಲ್ ಯುದ್ಧದಲ್ಲಿ ತಟಸ್ಥವಾಗಿತ್ತು. ಹೀಗೆ ಏರೆನ್‌ಫೆಲ್ಸ್ ಹಾಗೂ ಹಾನ್ಸಾ ಸಂಸ್ಥೆಯವೇ ಆದ ‘ಡ್ರಾಖೆನ್‌ಫೆಲ್ಸ್’ ಮತ್ತು ‘ಬ್ರೌನ್‌ಫೆಲ್ಸ್’ ಅಲ್ಲಿ ಸೇರಿದವು. 1940ರ ಜೂನ್ 10ರಂದು ಇಟಲಿ ಯುದ್ಧಕ್ಕಿಳಿದಾಗ ಆ ದೇಶದ ‘ಅನ್ಫೋರಾ’ ಕೂಡ ಇವುಗಳ ಜೊತೆಗೂಡಿತು.

ಯುದ್ಧನೌಕೆಗಳು ತಟಸ್ಥ ಬಂದರಿನಲ್ಲಿ ತಂಗುವುದಕ್ಕೆ ಕಟ್ಟುನಿಟ್ಟಾದ ಕಾಲಮಿತಿ ಇದೆ. ವ್ಯಾಪಾರಿ ಹಡಗುಗಳಿಗೆ ಅಂತಹ ಮಿತಿ ಇಲ್ಲ. 1907ರ ಹೇಗ್ ಒಡಂಬಡಿಕೆ ಈ ವಿಷಯದಲ್ಲಿ ಎರಡು ನಿಯಮಗಳನ್ನು ಸ್ಪಷ್ಟವಾಗಿ ಹೇಳುತ್ತದೆ. ಯುದ್ಧನಿರತ ರಾಷ್ಟ್ರಗಳು ತಟಸ್ಥ ರಾಷ್ಟ್ರದ ಜಲಪ್ರದೇಶದಲ್ಲಿ ಯಾವುದೇ ಹಗೆತನದ ಕೃತ್ಯ ಎಸಗಬಾರದೆಂಬುದು ಒಂದು. ತಟಸ್ಥ ಬಂದರನ್ನು ನೌಕಾ ಕಾರ್ಯಾಚರಣೆಯ ನೆಲೆಯಾಗಿ ಬಳಸಬಾರದು, ವಿಶೇಷವಾಗಿ ಅಲ್ಲಿ ನಿಸ್ತಂತು ಕೇಂದ್ರಗಳನ್ನು ಸ್ಥಾಪಿಸಬಾರದೆಂಬುದು ಇನ್ನೊಂದು. ಎರಡನೆಯ ನಿಯಮವನ್ನು ಜರ್ಮನ್ನರು ಮುರಿಯುತ್ತಿದ್ದಾರೆಂದು ಬ್ರಿಟಿಷರು ಭಾವಿಸಿದರು. ಮೊದಲನೆಯದನ್ನು ಮುರಿಯಲು ತಾವೇ ಸಿದ್ಧರಾದರು.

ಗುಪ್ತ ಪ್ರೇಷಕದ ಆರೋಪ

ಮುಂಬೈ ಮತ್ತಿತರ ಬಂದರುಗಳಿಂದ ಹೊರಡುವ ಹಡಗುಗಳ ಮಾಹಿತಿ ಬೇಹುಗಾರರ ಮೂಲಕ ಗೋವಾ ತಲುಪುತ್ತದೆ, ಏರೆನ್‌ಫೆಲ್ಸ್‌ನಲ್ಲಿ ಬಚ್ಚಿಟ್ಟ ರೇಡಿಯೊ ಪ್ರೇಷಕದ ಮೂಲಕ ಅದು ಜಲಾಂತರ್ಗಾಮಿಗಳಿಗೆ ರವಾನೆಯಾಗುತ್ತದೆ ಎಂಬುದು ಬ್ರಿಟಿಷರ ಆರೋಪವಾಗಿತ್ತು. ಇದರ ಹಿಂದೆ ಇದ್ದ ಭೀತಿ ಕಾಲ್ಪನಿಕವಾಗಿರಲಿಲ್ಲ. 1942ರ ನವೆಂಬರ್ 23ರಂದು ಮುಂಬೈನಿಂದ ಆಫ್ರಿಕಕ್ಕೆ ಹೊರಟಿದ್ದ ‘ತಿಲಾವಾ’ ಹಡಗನ್ನು ಜಪಾನಿನ ಐ-29 ಜಲಾಂತರ್ಗಾಮಿ ಅರಬ್ಬಿ ಸಮುದ್ರದಲ್ಲಿ ಮುಳುಗಿಸಿತ್ತು. ಸತ್ತವರು 280 ಮಂದಿ, ಬಹುತೇಕರು ಭಾರತೀಯರು.

ಗೋವಾದ ಸಮಸ್ಯೆಯನ್ನು ನಿಭಾಯಿಸುವ ಹೊಣೆ ಬ್ರಿಟನ್ನಿನ ರಹಸ್ಯ ಕಾರ್ಯಾಚರಣೆಗಳ ಸಂಸ್ಥೆಯಾದ ಎಸ್‌ಒಇಯ ಭಾರತ ಶಾಖೆಗೆ ಬಂತು. ಲೆಫ್ಟಿನೆಂಟ್ ಕರ್ನಲ್ ಲೂಯಿಸ್ ಪ್ಯೂ ಇದರ ಸೂತ್ರಧಾರರು. 1942ರ ಕೊನೆಯಲ್ಲಿ ಪ್ಯೂ ಮತ್ತು ಅವರ ಸಹೋದ್ಯೋಗಿ ಗೋವಾದೊಳಕ್ಕೆ ನುಸುಳಿ, ಅಲ್ಲಿ ನೆಲೆಸಿದ್ದ ಜರ್ಮನ್ ಬೇಹುಗಾರನನ್ನೂ ಅವನ ಪತ್ನಿಯನ್ನೂ ಅಪಹರಿಸಿ ಬ್ರಿಟಿಷ್ ಭಾರತಕ್ಕೆ ಕರೆತಂದರು. ಹಡಗುಗಳ ಅಧಿಕಾರಿಗಳಿಗೆ ಹಣದ ಆಮಿಷ ಒಡ್ಡಿ ಹಡಗುಗಳನ್ನೇ ಹೊರತರುವ ಯತ್ನವೂ ನಡೆಯಿತು, ಫಲಿಸಲಿಲ್ಲ. ಉಳಿದ ಮಾರ್ಗ ಬಲಪ್ರಯೋಗ.

ಇದಕ್ಕೆ ಮೊದಲೇ ಒಂದು ಮೇಲ್ಪಂಕ್ತಿ ಇತ್ತು. 1941ರ ಆಗಸ್ಟ್ 25ರಂದು ಇರಾನಿನ ಬಂದರ್ ಶಾಪುರದಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಐದು ಮತ್ತು ಇಟಲಿಯ ಮೂರು ಹಡಗುಗಳ ಮೇಲೆ ಮಿತ್ರಪಡೆ ಏರಿಹೋಗಿತ್ತು. ಆ ಕಾರ್ಯಾಚರಣೆಯಲ್ಲಿ ಭಾರತೀಯ ಸೈನಿಕರೂ ಪಾಲ್ಗೊಂಡಿದ್ದರು. ಅಲ್ಲಿನ ಜರ್ಮನ್ ಹಡಗುಗಳೂ ಹಾನ್ಸಾ ಸಂಸ್ಥೆಯವೇ. ನಾವಿಕರು ತಮ್ಮ ಹಡಗುಗಳಿಗೆ ತಾವೇ ಬೆಂಕಿ ಹಚ್ಚಲು ಸಿದ್ಧರಾಗಿದ್ದರು. ಆದರೂ ‘ವೈಸೆನ್‌ಫೆಲ್ಸ್’ ಹೊರತು ಉಳಿದವು ಮಿತ್ರಪಡೆಯ ಕೈವಶವಾದವು. ವಶಪಡಿಸಿಕೊಂಡ ಹಡಗು ಮುಳುಗಿಸಿದ ಹಡಗಿಗಿಂತ ಲಾಭದಾಯಕ ಎಂಬ ಲೆಕ್ಕಾಚಾರ ಗೋವಾದ ಯೋಜನೆಯಲ್ಲೂ ಇತ್ತು.

ಕಲ್ಕತ್ತೆಯ ಸವಾರರು

ತಟಸ್ಥ ದೇಶದ ಬಂದರಿನ ಮೇಲೆ ಸಮವಸ್ತ್ರ ತೊಟ್ಟ ಸೈನಿಕರನ್ನು ಕಳುಹಿಸಿದರೆ ಪೋರ್ಚುಗಲ್ ಜೊತೆಗಿನ ಬಾಂಧವ್ಯ ಕೆಡುವ ಅಪಾಯವಿತ್ತು. ಸಿಕ್ಕಿಬಿದ್ದರೆ ತಮಗೂ ಅವರಿಗೂ ಸಂಬಂಧವಿಲ್ಲವೆಂದು ಸರ್ಕಾರ ಹೇಳಲು ಅನುಕೂಲವಾಗುವಂತಹ ಜನ ಬೇಕಾಗಿದ್ದರು. ಪ್ಯೂ ಆರಿಸಿಕೊಂಡದ್ದು ಕಲ್ಕತ್ತ ಲೈಟ್ ಹಾರ್ಸ್ ಎಂಬ ಮೀಸಲು ಅಶ್ವದಳವನ್ನು. ಅದರ ಸದಸ್ಯರು ಕಲ್ಕತ್ತೆಯ ಬ್ರಿಟಿಷ್ ವ್ಯಾಪಾರಿಗಳು, ಲೆಕ್ಕಪರಿಶೋಧಕರು, ಚಹಾ ಮತ್ತು ಸೆಣಬು ಉದ್ಯಮದ ಅಧಿಕಾರಿಗಳು. ಹಲವರು ಮಧ್ಯವಯಸ್ಸು ದಾಟಿದವರು. ವಾರಾಂತ್ಯದ ಕವಾಯತು ಮತ್ತು ಕ್ಲಬ್ಬಿನ ಕೂಟಗಳೇ ಅವರ ಸೈನಿಕ ಜೀವನವಾಗಿತ್ತು.

ಲೈಟ್ ಹಾರ್ಸ್‌ನಿಂದ 14 ಮತ್ತು ಕಲ್ಕತ್ತ ಸ್ಕಾಟಿಷ್ ಎಂಬ ಇನ್ನೊಂದು ಮೀಸಲು ದಳದಿಂದ 4, ಒಟ್ಟು 18 ಮಂದಿ ಆಯ್ಕೆಯಾದರು. ಲೈಟ್ ಹಾರ್ಸ್‌ನ ಮುಖ್ಯಸ್ಥ ಕರ್ನಲ್ ಬಿಲ್ ಗ್ರೈಸ್ ಅವರೂ ಹೊರಟರು. ಮನೆಯವರಿಗೆ ಹೇಳಿದ್ದು ತರಬೇತಿಗೆ ಹೋಗುತ್ತೇವೆಂದು. ಬಹುಪಾಲು ಜನ ರೈಲಿನಲ್ಲಿ ಕೊಚ್ಚಿಗೆ ಹೋದರು. ಅವರನ್ನು ಗೋವಾಕ್ಕೆ ಒಯ್ಯಬೇಕಾಗಿದ್ದ ‘ಫೀಬಿ’ ಯುದ್ಧನೌಕೆಯಾಗಿರಲಿಲ್ಲ. ಬಂದರಿನ ಹೂಳನ್ನು ತುಂಬಿಕೊಂಡು ಹೋಗಿ ಕಡಲಿಗೆ ಸುರಿಯುವ ಮಂದಗತಿಯ ನಾವೆ ಅದು. ಕಲ್ಕತ್ತೆಯಿಂದ ಸಿಂಹಳವನ್ನು ಬಳಸಿ ಕೊಚ್ಚಿಗೆ ಬಂದು ತಂಡವನ್ನು ಹತ್ತಿಸಿಕೊಂಡು, ಮಲಬಾರ್ ಮತ್ತು ಕನ್ನಡ ಕರಾವಳಿಯ ಉದ್ದಕ್ಕೂ ಉತ್ತರಕ್ಕೆ ಸಾಗಿತು.

1943ರ ಮಾರ್ಚ್ 9

ದಾಳಿಯ ರಾತ್ರಿ ಹಡಗುಗಳಲ್ಲಿ ಆದಷ್ಟು ಕಡಿಮೆ ಜನ ಇರುವಂತೆ ನೋಡಿಕೊಳ್ಳುವುದು ಯೋಜನೆಯ ಒಂದು ಅಂಗವಾಗಿತ್ತು. ಮೊದಲೇ ಗೋವಾ ತಲುಪಿದ್ದ ತಂಡದ ಸದಸ್ಯರೊಬ್ಬರು ನಾವಿಕರನ್ನೂ ಬಂದರಿನ ಅಧಿಕಾರಿಗಳನ್ನೂ ದಡಕ್ಕೆ ಸೆಳೆಯುವಂತೆ ಔತಣ, ಮೋಜಿನ ಏರ್ಪಾಡು ಮಾಡಿದ್ದರು.

ದೀಪಗಳನ್ನು ಆರಿಸಿಕೊಂಡ ಫೀಬಿ ಕತ್ತಲಲ್ಲಿ ಬಂದರನ್ನು ಪ್ರವೇಶಿಸಿ ಏರೆನ್‌ಫೆಲ್ಸ್‌ನ ಪಕ್ಕಕ್ಕೆ ಬಂದು ನಿಂತಿತು. ತಂಡ ಏಣಿಗಳ ಮೂಲಕ ಮೇಲೇರಿತು. ಲಂಗರಿನ ಸರಪಳಿಗಳನ್ನು ಕತ್ತರಿಸಿ ಹಡಗನ್ನು ಬಂದರಿನಿಂದ ಹೊರಕ್ಕೆ ಎಳೆದೊಯ್ಯುವ ಉದ್ದೇಶ ಅವರದಾಗಿತ್ತು. ಆದರೆ ಜರ್ಮನ್ನರು ಇಂತಹ ದಿನಕ್ಕೆ ಮೊದಲೇ ಸಿದ್ಧರಾಗಿದ್ದರು. ತಳದ ಕವಾಟಗಳನ್ನು ತೆರೆದು ನೀರು ನುಗ್ಗಿಸಿದರು, ಸಿದ್ಧವಾಗಿಟ್ಟಿದ್ದ ಸುಡುವಸ್ತುಗಳಿಗೆ ಬೆಂಕಿಯಿಟ್ಟರು. ಹೋರಾಟದಲ್ಲಿ ಏರೆನ್‌ಫೆಲ್ಸ್‌ನ ಕ್ಯಾಪ್ಟನ್ ಯೊಹಾನ್ ರೋಫರ್ ಹಾಗೂ ಇನ್ನು ಕೆಲವು ನಾವಿಕರು ಮೃತಪಟ್ಟರು. ದಾಳಿಕೋರರಲ್ಲಿ ಯಾರೂ ಸಾಯಲಿಲ್ಲ.

ಹಡಗನ್ನು ಎಳೆದೊಯ್ಯುವುದು ಅಸಾಧ್ಯವೆಂದು ಅರಿವಾಗುತ್ತಲೇ ತಂಡ ಫೀಬಿಗೆ ಮರಳಿ, ಬಂದ ದಾರಿಯಲ್ಲೇ ಹೊರಬಿದ್ದು ಮುಂಬೈ ಕಡೆಗೆ ತೆರಳಿತು. ಏರೆನ್‌ಫೆಲ್ಸ್‌ನ ಜ್ವಾಲೆಯನ್ನು ಕಂಡ ಉಳಿದ ಹಡಗುಗಳ ನಾವಿಕರು, ಬ್ರಿಟಿಷರು ತಮ್ಮ ಮೇಲೂ ಏರಿಬರುವರೆಂದು ಭಾವಿಸಿ, ಡ್ರಾಖೆನ್‌ಫೆಲ್ಸ್, ಬ್ರೌನ್‌ಫೆಲ್ಸ್ ಮತ್ತು ಅನ್ಫೋರಾಗಳನ್ನು ತಾವೇ ಸುಟ್ಟು ಮುಳುಗಿಸಿದರು. ಈ ಮೂರು ಹಡಗುಗಳ ಮೇಲೆ ದಾಳಿ ತಂಡದ ಒಬ್ಬನೂ ಕಾಲಿಟ್ಟಿರಲಿಲ್ಲ.

ಎರಡೂ ಕಡೆಯ ಮೌನ

ಬೆಳಗಾದಾಗ ಪೋರ್ಚುಗೀಸ್ ಆಡಳಿತದ ಕಣ್ಣೆದುರು ಉರಿಯುತ್ತಿದ್ದ ನಾಲ್ಕು ಹಡಗುಗಳಿದ್ದವು. ಹಾನಿ ಮಾಡಿದವರು ಕಾಣೆಯಾಗಿದ್ದರು. ದಡ ಸೇರಿದ ನಾವಿಕರನ್ನು ಪೋರ್ಚುಗೀಸರು ಬಂಧನದಲ್ಲಿಟ್ಟರು. ಹಡಗುಗಳನ್ನು ಅವರ ನಾವಿಕರೇ ಸುಟ್ಟುಕೊಂಡರು ಎಂಬ ವಿವರಣೆ ಹೊರಜಗತ್ತಿಗೆ ಸಾಕಾಯಿತು. ಮೂರು ಹಡಗುಗಳ ಮಟ್ಟಿಗೆ ಅದು ನಿಜವೂ ಆಗಿತ್ತು.

ಬ್ರಿಟನ್ ಮೌನವಾಗಿರಲು ಬಲವಾದ ಕಾರಣವಿತ್ತು. ಅಟ್ಲಾಂಟಿಕ್ ಮಹಾಸಾಗರದ ನಡುವೆ ಇರುವ, ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳಲ್ಲಿ ವಿಮಾನ ನೆಲೆ ಪಡೆಯುವುದು ಅದಕ್ಕೆ ಗೋವಾದ ನಾಲ್ಕು ಹಡಗುಗಳಿಗಿಂತ ಎಷ್ಟೋ ಪಾಲು ಮುಖ್ಯವಾಗಿತ್ತು. ದಾಳಿಯಾದ ಐದು ತಿಂಗಳಿಗೆ, 1943ರ ಆಗಸ್ಟ್ 17ರಂದು, ಆ ಒಪ್ಪಂದಕ್ಕೆ ಸಹಿಯಾಯಿತು. ಗೋವಾದ ಘಟನೆ ಅಂದೇ ಬಯಲಾಗಿದ್ದರೆ ಈ ಒಪ್ಪಂದಕ್ಕೆ ಧಕ್ಕೆ ಬರುವ ಅಪಾಯವಿತ್ತು. ದಾಳಿಯಲ್ಲಿ ಪಾಲ್ಗೊಂಡವರಿಗೆ ಪದಕಗಳು ದೊರೆಯದಿದ್ದುದಕ್ಕೂ ಇದೇ ಗೋಪ್ಯತೆ ಕಾರಣ.

ಮರ್ಮಗೋವಾದ ತಟಸ್ಥ ಸ್ಥಾನಕ್ಕೆ ಇದರಿಂದ ಚ್ಯುತಿ ಬರಲಿಲ್ಲ. 1943ರ ಅಕ್ಟೋಬರ್‌ನಲ್ಲಿ ಅದೇ ಬಂದರಿನಲ್ಲಿ ಜಪಾನ್ ಮತ್ತು ಅಮೆರಿಕ ತಮ್ಮ ವಶದಲ್ಲಿದ್ದ ಪರಸ್ಪರರ ನಾಗರಿಕರನ್ನು ವಿನಿಮಯ ಮಾಡಿಕೊಂಡವು. ಜಪಾನಿನ ‘ತೇಯಾ ಮಾರು’ ಹಡಗಿನಲ್ಲಿ ಬಂದ ಸುಮಾರು 1,500 ಮಂದಿ ಸ್ವೀಡನ್ನಿನ ‘ಗ್ರಿಪ್ಸ್‌ಹೋಮ್’ ಹತ್ತಿದರು. ಅದರಲ್ಲಿ ಬಂದಿದ್ದ ಜಪಾನಿಯರು ತೇಯಾ ಮಾರು ಹತ್ತಿದರು.

ದಾಳಿಯಿಂದ ಆದದ್ದೇನು?

1978ರಲ್ಲಿ ಪ್ರಕಟವಾದ ಜೇಮ್ಸ್ ಲೀಸರ್ ಅವರ ‘ಬೋರ್ಡಿಂಗ್ ಪಾರ್ಟಿ’ ಪುಸ್ತಕ ಈ ಪ್ರಕರಣವನ್ನು ಮೊದಲ ಬಾರಿಗೆ ವಿವರವಾಗಿ ಬಯಲಿಗೆ ತಂದಿತು. ಮೌಂಟ್‌ಬ್ಯಾಟನ್ ಅದಕ್ಕೆ ಮುನ್ನುಡಿ ಬರೆದರು. 1980ರಲ್ಲಿ ಅದನ್ನು ಆಧರಿಸಿ ‘ದಿ ಸೀ ವುಲ್ವ್ಸ್’ ಚಲನಚಿತ್ರ ತೆರೆಕಂಡಿತು. ಗ್ರೆಗರಿ ಪೆಕ್, ರೋಜರ್ ಮೂರ್, ಡೇವಿಡ್ ನಿವೆನ್ ಮುಖ್ಯ ಪಾತ್ರಗಳಲ್ಲಿದ್ದ ಈ ಚಿತ್ರದ ಚಿತ್ರೀಕರಣ ಗೋವಾದಲ್ಲೂ ನಡೆಯಿತು.

ಇವುಗಳಿಂದ ಹಬ್ಬಿದ ಕಥೆಯ ಸಾರಾಂಶ ಇಷ್ಟು: ದಾಳಿಗೆ ಮೊದಲು ಕೆಲವೇ ವಾರಗಳಲ್ಲಿ 46 ಹಡಗುಗಳು ಮುಳುಗಿದ್ದವು, ಮಾರ್ಚ್ ಮೊದಲ ವಾರಗಳಲ್ಲೂ ಭಾರಿ ನಷ್ಟವಾಯಿತು, ಏರೆನ್‌ಫೆಲ್ಸ್‌ನ ಪ್ರೇಷಕ ಮೌನವಾದ ಮೇಲೆ ಆ ತಿಂಗಳು ‘ನಾರ್ಟನ್’ ಎಂಬ ಒಂದೇ ಹಡಗು ಬಲಿಯಾಯಿತು.

ಆದರೆ ಯುದ್ಧದ ದಾಖಲೆಗಳು ಬೇರೆ ಚಿತ್ರ ಕೊಡುತ್ತವೆ. ಮೊದಲನೆಯದಾಗಿ, ಮಾರ್ಚ್ ಆರಂಭದ ದೊಡ್ಡ ನಷ್ಟ ಸಂಭವಿಸಿದ್ದು ಅರಬ್ಬಿ ಸಮುದ್ರದಲ್ಲಿ ಅಲ್ಲ. ಮಾರ್ಚ್ 3-4ರ ರಾತ್ರಿ ಯು-160 ಜಲಾಂತರ್ಗಾಮಿ ಡರ್ಬನ್‌ನಿಂದ ಹೊರಟಿದ್ದ ಹಡಗುಗಳ ಸಾಲಿನ ಮೇಲೆ ಎರಗಿ ನಾಲ್ಕನ್ನು ಮುಳುಗಿಸಿತು. ಆ ಸ್ಥಳ ಮರ್ಮಗೋವಾದಿಂದ 6,000 ಕಿ.ಮೀ.ಗೂ ಹೆಚ್ಚು ದೂರ. ಡರ್ಬನ್ ಬಂದರಿನ ಸಂಚಾರ ಅರಿಯಲು ಗೋವಾದ ಬೇಹುಗಾರರು ಬೇಕಾಗಿರಲಿಲ್ಲ.

ಎರಡನೆಯದಾಗಿ, ಆ ಜಲಾಂತರ್ಗಾಮಿಗಳು ‘ಜೇಹುಂಡ್’ ಎಂಬ ಐದು ನೌಕೆಗಳ ಗುಂಪಿಗೆ ಸೇರಿದ್ದವು. ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದ ತೀರಕ್ಕೆ ಬಂದ ಗುಂಪು, ಮಾರ್ಚ್ ಸಾಗಿದಂತೆ ಇಂಧನ ಮತ್ತು ಟಾರ್ಪಿಡೊ ಮುಗಿಯುತ್ತ ಬಂದು ಹಿಂದಿರುಗತೊಡಗಿತು. ಮಾರ್ಚ್ ಉತ್ತರಾರ್ಧದಲ್ಲಿ ನಷ್ಟ ತಗ್ಗಲು ಇದೇ ಸಹಜ ಕಾರಣ. ನಾರ್ಟನ್ ಮುಳುಗಿದ್ದು ಹಿಂದೂ ಮಹಾಸಾಗರದಲ್ಲಿಯೂ ಅಲ್ಲ, ನೈಋತ್ಯ ಆಫ್ರಿಕಾದಾಚೆಯ ಅಟ್ಲಾಂಟಿಕ್‌ನಲ್ಲಿ.

ಮೂರನೆಯದಾಗಿ, ಈ ವಿರಾಮ ಹೆಚ್ಚು ದಿನ ಉಳಿಯಲೂ ಇಲ್ಲ. ಏಪ್ರಿಲ್ 17ರಿಂದ 25ರ ನಡುವೆ ಇಟಲಿಯ ‘ಲಿಯೊನಾರ್ಡೊ ಡಾ ವಿಂಚಿ’ ಜಲಾಂತರ್ಗಾಮಿ ಒಂದೇ ಆಫ್ರಿಕಾದ ಆಗ್ನೇಯ ಕಡಲಿನಲ್ಲಿ ನಾಲ್ಕು ಹಡಗುಗಳನ್ನು ಮುಳುಗಿಸಿತು. ‘ಮಾನ್ಸೂನ್’ ಎಂಬ ಹೆಸರಿನ ಜರ್ಮನ್ ಜಲಾಂತರ್ಗಾಮಿಗಳ ಗುಂಪು ಹಿಂದೂ ಮಹಾಸಾಗರದ ಉತ್ತರ ಭಾಗಕ್ಕೆ ಕಾಲಿಟ್ಟದ್ದು 1943ರ ಸೆಪ್ಟೆಂಬರ್ ಸುಮಾರಿಗೆ, ಅಂದರೆ ಏರೆನ್‌ಫೆಲ್ಸ್ ಸುಟ್ಟುಹೋಗಿ ಆರು ತಿಂಗಳಾದ ಮೇಲೆ. ಭಾರತದ ಪಶ್ಚಿಮ ತೀರ ಅವುಗಳ ಬೇಟೆಯ ವಲಯವಾದಾಗ ಗೋವಾದ ಪ್ರೇಷಕದ ಪ್ರಶ್ನೆಯೇ ಇರಲಿಲ್ಲ.

ಹಾಗೆಂದು ದಾಳಿ ನಿರರ್ಥಕವಾಗಿತ್ತೆಂದು ಹೇಳಲಾಗದು. ಜರ್ಮನಿ ಮತ್ತು ಇಟಲಿ ಬಳಿ ಉಳಿದಿದ್ದ ನಾಲ್ಕು ದೊಡ್ಡ ಸರಕು ಹಡಗುಗಳು ಒಂದೇ ರಾತ್ರಿಯಲ್ಲಿ ಇಲ್ಲವಾದವು. ಅವುಗಳಲ್ಲಿ ವೇಗದ ಏರೆನ್‌ಫೆಲ್ಸ್ ಟಾನೆನ್‌ಫೆಲ್ಸ್‌ನಂತೆ ತಪ್ಪಿಸಿಕೊಳ್ಳುವ, ದಿಗ್ಬಂಧನ ಭೇದಿಸುವ ಸಾಮರ್ಥ್ಯ ಹೊಂದಿತ್ತು. ಆ ಸಾಧ್ಯತೆ ಅಳಿಯಿತು. ಮಿತ್ರಪಕ್ಷವೂ ಆ ಹಡಗುಗಳನ್ನು ಪಡೆಯಲಿಲ್ಲ ಎಂಬುದು ಇದೇ ಲೆಕ್ಕದ ಇನ್ನೊಂದು ಮಗ್ಗುಲು. ಬಂದರ್ ಶಾಪುರದಲ್ಲಿ ದೊರೆತ ಫಲ ಮರ್ಮಗೋವಾದಲ್ಲಿ ದೊರೆಯಲಿಲ್ಲ.

ಈ ವ್ಯತ್ಯಾಸವನ್ನು ಗುರುತಿಸುವುದು ಏಕೆ ಅಗತ್ಯವೆಂಬ ಪ್ರಶ್ನೆ ಏಳಬಹುದು. ತಿಲಾವಾದಲ್ಲಿ ಮುಳುಗಿದ ಪ್ರಯಾಣಿಕರು, ಪಿಂಗ್ವಿನ್‌ನ ಒಡಲಲ್ಲಿ ಸೆರೆಯಾಗಿ ಸತ್ತ ಖಲಾಸಿಗಳು, ಡರ್ಬನ್ ಸಮೀಪ ಟಾರ್ಪಿಡೊಗೆ ಸಿಕ್ಕವರು, ಇವರೆಲ್ಲರ ಸಾವಿಗೆ ಬೇರೆಬೇರೆ ಕಾರಣಗಳಿವೆ. ಒಬ್ಬ ಬೇಹುಗಾರ, ಒಂದು ರೇಡಿಯೊ, ಒಂದು ರಾತ್ರಿಯ ಸಾಹಸ ಎಂಬ ಕಥೆ ಕೇಳಲು ಚೆನ್ನ. ಆದರೆ ಆ ಕಥೆಯೊಳಗೆ ಜಪಾನಿನ ಜಲಾಂತರ್ಗಾಮಿ, ಬೆಂಗಾವಲಿಲ್ಲದೆ ಸಾಗಿದ ಹಡಗು, ಡರ್ಬನ್ ತೀರದ ಯು-160, ಎಲ್ಲವೂ ಮರೆಯಾಗುತ್ತವೆ. ನೌಕಾಯುದ್ಧದ ಈ ಅಧ್ಯಾಯದಲ್ಲಿ ಭಾರತೀಯ ನಾವಿಕರು ತೆತ್ತ ಬೆಲೆ ಮರ್ಮಗೋವಾದ ಬೆಂಕಿಯ ಬೆಳಕಿನಲ್ಲಿ ಕಾಣುವುದಿಲ್ಲ.

ಏರೆನ್‌ಫೆಲ್ಸ್ ಮತ್ತೆಂದೂ ಸರಕು ಹೊರಲಿಲ್ಲ. ಕಲ್ಕತ್ತ ಲೈಟ್ ಹಾರ್ಸ್ ದಳ ಭಾರತ ಸ್ವತಂತ್ರವಾದ 1947ರಲ್ಲಿ ವಿಸರ್ಜನೆಗೊಂಡಿತು. ಗೋವಾ 1961ರ ಡಿಸೆಂಬರ್ 19ರಂದು ಭಾರತದ ಭಾಗವಾಯಿತು. ಬಳ್ಳಾರಿ-ಹೊಸಪೇಟೆ ಸೀಮೆಯ ಅದಿರು ಆ ನಂತರವೂ ಹುಬ್ಬಳ್ಳಿ, ಲೋಂಡಾ, ಕ್ಯಾಸಲ್‌ರಾಕ್ ದಾಟಿ ಅದೇ ಬಂದರಿಗೆ ಹರಿಯಿತು.

ಕಾಲಾನುಕ್ರಮ

1936: ಬ್ರೆಮೆನ್‌ನಲ್ಲಿ ಏರೆನ್‌ಫೆಲ್ಸ್ ನಿರ್ಮಾಣ.
1939: ಯುದ್ಧಾರಂಭ, ಹಾನ್ಸಾ ಸಂಸ್ಥೆಯ ಮೂರು ಹಡಗುಗಳಿಗೆ ಮರ್ಮಗೋವಾದಲ್ಲಿ ಆಶ್ರಯ.
1940 ಜೂನ್: ಇಟಲಿ ಯುದ್ಧಕ್ಕೆ, ಅನ್ಫೋರಾ ಹಡಗು ನಾಲ್ಕನೆಯದಾಗಿ ಸೇರ್ಪಡೆ.
1941: ಸೋದರ ಹಡಗುಗಳಾದ ಪಿಂಗ್ವಿನ್ (ಮೇ 8) ಮತ್ತು ಅಟ್ಲಾಂಟಿಸ್ (ನವೆಂಬರ್ 22) ನಾಶ.
1942 ನವೆಂಬರ್ 23: ಅರಬ್ಬಿ ಸಮುದ್ರದಲ್ಲಿ ತಿಲಾವಾ ಮುಳುಗಡೆ.
1943 ಮಾರ್ಚ್ 9: ಆಪರೇಷನ್ ಕ್ರೀಕ್, ನಾಲ್ಕೂ ಹಡಗುಗಳ ನಾಶ.
1943 ಆಗಸ್ಟ್ 17: ಅಜೋರ್ಸ್ ಕುರಿತು ಬ್ರಿಟನ್-ಪೋರ್ಚುಗಲ್ ಒಪ್ಪಂದ.
1943 ಅಕ್ಟೋಬರ್: ಮರ್ಮಗೋವಾದಲ್ಲಿ ಅಮೆರಿಕ-ಜಪಾನ್ ನಾಗರಿಕರ ವಿನಿಮಯ.
1978: ಲೀಸರ್ ಪುಸ್ತಕದ ಮೂಲಕ ದಾಳಿಯ ವಿವರ ಬಹಿರಂಗ.
1980: ‘ದಿ ಸೀ ವುಲ್ವ್ಸ್’ ಚಲನಚಿತ್ರ ಬಿಡುಗಡೆ.